ಮುಸುರೆ ಬಣ್ಣ

ಕಪ್ಪು ಉಡುಪಿನ ಬೆನ್ನಿನ ಜಿಪ್ಪು ಅರ್ಧಕ್ಕೆ ಬಂದು ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ನೆಲಮಾಳಿಗೆಯಿಂದ ಕೀಂ ಕೀಂ ಎಂದು ಸದ್ದು ಶುರುವಾಯಿತು.

"ಅಲ್ಲಾಡಬೇಡ ಕಣೇ," ಎಂದಳು ಲಾವೋನ್, ಅಕ್ಕನ ಬೆನ್ನಿಗೆ ಮೊಣಕೈ ಊರಿ ಜಿಪ್ಪು ಎಳೆಯುತ್ತ. "ಏನದು ಸದ್ದು?"

"ಕೆಳಗೆ. ಹಾವುಗಳ ಹತ್ರ."

"ಇವತ್ತೂ ಅವುಗಳ ಕಾಟ ತಪ್ಪಲ್ಲ ಅಂತಾಯ್ತು. ಗಂಡನ್ನ ಮಣ್ಣು ಮಾಡೋ ದಿನಾನೂ ಬಿಡಲ್ವಲ್ಲ."

ಆರ್ಡಿಸ್ ಬೆನ್ನು ಅರ್ಧ ತೆರೆದೇ ಇದ್ದ ಹಾಗೆ ನೆಲಮಾಳಿಗೆಯ ಬಾಗಿಲಿಗೆ ಹೋದಳು. ಬಾಗಿಲ ಹಿಡಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆ ಮೆಟ್ಟಿಲು ಇಳಿದು ಅವಳಿಗೆ ಎಷ್ಟೋ ವರ್ಷಗಳಾಗಿದ್ದವು. ಬಟ್ಟೆ ಒಗೆಯುವ ಯಂತ್ರ ಮೊದಲು ಕೆಳಗೇ ಇತ್ತು. ಇಳಿಯಬಾರದೆಂಬ ಒಂದೇ ಹಟಕ್ಕೆ ಅದನ್ನು ಮೇಲಕ್ಕೆ ತರಿಸಿ ಅಡಿಗೆಮನೆಯ ಮೂಲೆಯಲ್ಲಿ ಇರಿಸಿಕೊಂಡಿದ್ದಳು. ಗಂಡ ಲೈಲ್ ಆಗ ಒಂದು ಮಾತೂ ಕೇಳದೆ ಹೊತ್ತು ತಂದಿಟ್ಟಿದ್ದ. ಹೋದ ಭಾನುವಾರ ಅಂಗಳದ ಹಿಮ ಎತ್ತಿ ಹಾಕುತ್ತಿದ್ದವನು ಸಲಿಕೆಯ ಮೇಲೆಯೇ ಒರಗಿದ. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದು ಆ ವರ್ಷದ ಕೊನೆಯ ಹಿಮ. ಮಾರನೆಯ ದಿನ ಬಿಸಿಲು ಬಂದು ತಾನೇ ಕರಗಿಹೋಯಿತು.

ಕೆಳಗಿಳಿದಾಗ ಲೈಲ್‌ನ ಗೆಳೆಯ ಡೆಲ್ಮರ್ ಆಗಲೇ ಹಿಂಬಾಗಿಲಿಂದ ಬಂದು, ಸದ್ದು ಮಾಡುತ್ತಿದ್ದ ಗೋಡೆಯ ಪೆಟ್ಟಿಗೆಯ ಗುಂಡಿ ಒತ್ತುತ್ತಿದ್ದ. ಹಾಲಿನ ಟ್ಯಾಂಕರ್ ಓಡಿಸುವ ದೊಡ್ಡ ಆಳು, ಎದೆಯವರೆಗೆ ಗಡ್ಡ. ಯಾರದೋ ಮದುವೆಗೆ ಯಾವಾಗಲೋ ಹೊಲಿಸಿದ ಕೋಟು ಅವನ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ಲೈಲ್ ಹೋದಂದಿನಿಂದ ದಿನಾ ಸಂಜೆ ಬಂದು ಹಾವುಗಳಿಗೆ ನೀರು ಬದಲಾಯಿಸಿ ಹೋಗುತ್ತಿದ್ದವನು ಅವನೇ.

"ಡಬ್ಬಿ ಬೆಚ್ಚಗಿಡೋ ಶಾಖದ ಪಟ್ಟಿ ಒಂದು ಸುಟ್ಟಿದೆ, ಅಷ್ಟೆ," ಎಂದ. ಅವಳು ಕೆಳಗೆ ಬಂದದ್ದು ನೋಡಿ ಅವನಿಗೆ ಆಶ್ಚರ್ಯವಾಗಿತ್ತು, ಆದರೆ ಅದನ್ನು ಬಾಯಿಬಿಟ್ಟು ಹೇಳುವವನಲ್ಲ. "ಅವಕ್ಕೇನೂ ಆಗಿಲ್ಲ. ನೀವು ಹೋಗಿ ತಯಾರಾಗಿ, ಆರ್ಡಿಸ್."

ಅವಳು ಹೋಗಲಿಲ್ಲ. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಪ್ಲಾಸ್ಟಿಕ್ ಡಬ್ಬಿಗಳು, ಪ್ರತಿ ಡಬ್ಬಿಯಲ್ಲೂ ಸುರುಳಿ ಸುತ್ತಿ ಮಲಗಿದ ಒಂದೊಂದು ಬೋವಾ ಹಾವು. ಡಬ್ಬಿಗಳ ಮುಂದೆ ಲೈಲ್‌ನ ದಪ್ಪ ಅಕ್ಷರಗಳಲ್ಲಿ ಬಣ್ಣದ ಹೆಸರು. ಮೇಲಿನ ಸಾಲುಗಳಲ್ಲಿ ಕೆಂಡ, ಬೆಳದಿಂಗಳು, ಚಿರತೆ. ಅವೆಲ್ಲ ಬೇರೆಯವರು ಹುಟ್ಟಿಸಿ ಹೆಸರಿಟ್ಟ ಬಣ್ಣಗಳು. ಕೆಳಗಿನ ಸಾಲುಗಳಲ್ಲಿ ಒಂದೇ ಹೆಸರು, ಡಬ್ಬಿಯಿಂದ ಡಬ್ಬಿಗೆ: ಮುಸುರೆ, ಮುಸುರೆ, ಮುಸುರೆ. ಅವಳ ಹಳೆಯ ಉರಿ ಮತ್ತೆ ಎದ್ದಿತು. ಸತ್ತವನ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದು ಕಾಲ ಇರುತ್ತದೆ, ಶವಪೆಟ್ಟಿಗೆ ಮುಚ್ಚುವ ದಿನ ಅದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡರೂ ಉರಿ ಇಳಿಯಲಿಲ್ಲ.

ಹಿಂಬಾಗಿಲಲ್ಲಿ ಯಾರೋ ಕೆಮ್ಮಿದರು. ಟೋಪಿ ಕೈಯಲ್ಲಿ ಹಿಡಿದ ಬ್ರೆಂಟ್ ಕಲ್‌ಹೇನ್ ನಿಂತಿದ್ದ. ದಕ್ಷಿಣದ ಮಿಸೌರಿಯವನು, ಹಾವು ಸಾಕಿ ಮಾರುವವನು, ದೇಶದ ಯಾವ ಹಾವಿನ ಸಂತೆಗೆ ಹೋದರೂ ಅವನ ಮೇಜೇ ದೊಡ್ಡದು. ಸುದ್ದಿ ತಿಳಿದೊಡನೆ ವ್ಯಾನು ಹತ್ತಿ ಬಂದಿದ್ದ. ಕಣ್ಣು ಕೆಂಪಗಿದ್ದವು, ದಾರಿಯಿಂದಲೋ ದುಃಖದಿಂದಲೋ, ಎರಡರಿಂದಲೂ ಇರಬಹುದು. ಅವನು ಕೆಟ್ಟವನಲ್ಲ.

"ಲೈಲ್ ನನಗೆ ಗುರು ಇದ್ದ ಹಾಗೆ, ಮಿಸೆಸ್ ಹಾಕೆನ್ಸನ್," ಎಂದ. "ಹಾವುಗಳ ಬಗ್ಗೆ ನೀವು ತಲೆ ಕೆಡಿಸ್ಕೋಬೇಡಿ. ಒಂದನ್ನೂ ಬಿಡದೆ ನಾನು ತಗೊಂಡು ಹೋಗ್ತೀನಿ. ಹಸಿದಿರೋಕೆ ಬಿಡಲ್ಲ, ಬೇಕಾಬಿಟ್ಟಿ ಮಾರಲ್ಲ."

"ಯಾವಾಗ?"

"ಇವತ್ತೇ ಆದ್ರೆ ಒಳ್ಳೇದು. ಬಿಸಿಲಿದೆ. ರಾತ್ರಿ ಈ ಊರಿನ ಚಳೀನ ಅವು ತಡ್ಕೊಳ್ಳಲ್ಲ. ನೀವು ಚರ್ಚಿಗೆ ಹೋಗಿ ಬರೋದ್ರೊಳಗೆ ತುಂಬಿಸ್ಕೊಂಡು ಹೊರಟ್ಬಿಡ್ತೀನಿ. ಮಣ್ಣಿಗೆ ಬರೋಕಾಗಲ್ಲ, ಅದಕ್ಕೆ ಕ್ಷಮಿಸ್ಬೇಕು."

"ತಗೊಂಡು ಹೋಗಿ," ಎಂದಳು ಆರ್ಡಿಸ್.

ಬ್ರೆಂಟ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಇನ್ನೊಂದು ಮಾತು. ಕೆಳಗಿನ ಸಾಲಿಂದು. ಅಂಥ ಬಣ್ಣ ನಮ್ಮ ಪೈಕಿ ಯಾರ ಹತ್ರಾನೂ ಇಲ್ಲ. ಆದ್ರೆ ಮುಸುರೆ ಅಂದ್ರೆ ಯಾರು ಕೊಂಡ್ಕೋತಾರೆ ಹೇಳಿ. ಷಾಂಪೇನ್ ಅಂತ ಇಡೋ ಅಂತ ಎಷ್ಟು ಸಲ ಬೇಡ್ಕೊಂಡೆ, ಕೇಳ್ಲಿಲ್ಲ. ನಮ್ಮಲ್ಲಿ ಒಂದು ಪದ್ಧತಿ ಇದೆ. ಬಣ್ಣಾನ ಯಾರು ಸಾಬೀತು ಮಾಡ್ತಾರೋ ಹೆಸರಿಡೋ ಹಕ್ಕು ಅವರದ್ದು. ಅವರಾದ್ಮೇಲೆ ಅವರ ಮನೆಯೋರದ್ದು. ನೀವು ಹೂಂ ಅಂದ್ರೆ ಬದಲಾಯಿಸ್ತೀನಿ. ಉಹೂಂ ಅಂದ್ರೆ ಇದೇ ಇರತ್ತೆ, ನಾನು ಬಾಯಿ ಹಾಕಲ್ಲ."

"ನಿಮಗೆ ಏನು ಬೇಕೋ ಅದನ್ನ ಇಟ್ಕೊಳ್ಳಿ," ಎಂದಳು ಆರ್ಡಿಸ್. "ಆ ಹೆಸರು ಈ ಮನೆ ಬಿಟ್ಟು ಹೋದ್ರೆ ಸಾಕು ನಂಗೆ."

ಡೆಲ್ಮರ್ ನೀರಿನ ತಂಬಿಗೆ ಕೆಳಗಿಟ್ಟ. "ಆರ್ಡಿಸ್, ಇವತ್ತೇ ಹೇಳ್ಬೇಕಾ ಅದನ್ನ? ಒಂಚೂರು..."

"ಪಾಸ್ಟರ್ ಫೋನ್ ಮಾಡ್ತಿದ್ದಾರೆ ಕಣೇ," ಎಂದು ಮೇಲಿನಿಂದ ಲಾವೋನ್ ಕೂಗಿದಳು. "ಬೆನ್ನು ತೋರಿಸ್ಕೊಂಡೇ ಬರ್ತೀಯಾ ಚರ್ಚಿಗೆ?"

ಡೆಲ್ಮರ್ ಬಾಯಿ ಮುಚ್ಚಿಕೊಂಡ. ಒಂದು ಮಾತು ಆಡಬೇಕಾದರೆ ಒಂದು ಹೊತ್ತು ಯೋಚಿಸುವ ಮನುಷ್ಯ ಅವನು. ಆರ್ಡಿಸ್ ಬ್ರೆಂಟ್‌ನ ಕೈಗೆ ಹಿಂಬಾಗಿಲ ಕೀಲಿ ಕೊಟ್ಟು ಮೇಲೆ ಬಂದಳು. ಬಹಳ ದಿನಗಳ ಮೇಲೆ ಎದೆ ಹಗುರವಾದಂತಿತ್ತು.

*

ಆ ಬಣ್ಣದ ಮೊದಲ ಮರಿ ಹುಟ್ಟಿದ ದಿನ ಟಾರ್ಚು ಹಿಡಿದು ಪಕ್ಕದಲ್ಲಿ ನಿಂತಿದ್ದವಳು ಆರ್ಡಿಸ್‌ಳೇ. ಆಗ ಅವಳು ದಿನವೂ ಕೆಳಗಿಳಿಯುತ್ತಿದ್ದಳು. ಅವರಿಗೆ ಮಕ್ಕಳಾಗಿರಲಿಲ್ಲ. ಲೈಲ್ ಕೌಂಟಿಯ ರಸ್ತೆಗಳಿಗೆ ಹಳದಿ ಗೆರೆ ಬಳಿದು ಬಂದು, ಕೈಗೆ ಸೀಮೆಣ್ಣೆ ಉಜ್ಜಿ ಬಣ್ಣ ತೆಗೆದು, ಊಟ ಮುಗಿಸಿದರೆ ಇಬ್ಬರೂ ಮಲಗುವವರೆಗೆ ಹಾವುಗಳ ಹತ್ತಿರವೇ.

ಬೋವಾ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಅವತ್ತು ಹುಟ್ಟಿದ ರಾಶಿಯಲ್ಲಿ ಎಲ್ಲ ಮರಿಗಳೂ ತಾಯಿಯ ಹಾಗೆ ಕಂದು ಮೈ, ಕಾವಿ ಬಣ್ಣದ ಪಟ್ಟೆ. ಒಂದು ಮಾತ್ರ ಬೇರೆ. ಹೊನ್ನೆಂದರೆ ಹೊನ್ನಲ್ಲ, ಬೂದಿಯೆಂದರೆ ಬೂದಿಯಲ್ಲ. ಟಾರ್ಚಿನ ಬೆಳಕು ಸರಿದಂತೆ ಒಮ್ಮೆ ಅದು, ಒಮ್ಮೆ ಇದು. ಲೈಲ್ ಅದನ್ನು ಅಂಗೈಯಲ್ಲಿ ಎತ್ತಿ ನೋಡಿದ. ಆಮೇಲೆ ಆರ್ಡಿಸ್‌ಳ ತಲೆಯನ್ನು ನೋಡಿದ. ಮತ್ತೆ ಮರಿಯನ್ನು ನೋಡಿದ. ತಲೆಗೇನಾದರೂ ಅಂಟಿದೆಯೇನೋ ಎಂದು ಅವಳು ಕೈಯಾಡಿಸಿಕೊಂಡಳು.

ಒಂದು ಮರಿ ಬೇರೆ ಬಣ್ಣದಲ್ಲಿ ಹುಟ್ಟಿದರೆ ಹಾವು ಸಾಕುವ ಜನ ಅದಕ್ಕೆ ಹೆಸರಿಡುವುದಿಲ್ಲ. ಅದು ಒಂದು ಸಲದ ತಪ್ಪೂ ಆಗಿರಬಹುದು. ಆ ಬಣ್ಣ ಮುಂದಿನ ಪೀಳಿಗೆಗೆ ಇಳಿಯುತ್ತದೆಂದು ತೋರಿಸಬೇಕು. ಅದಕ್ಕೇ ಸಾಬೀತು ಎನ್ನುವುದು. ಮರಿ ಬೆಳೆಯಬೇಕು, ಅದನ್ನು ಸಾದಾ ಹಾವಿಗೆ ಕೂಡಿಸಬೇಕು. ಹುಟ್ಟಿದವೆಲ್ಲ ಸಾದಾ ಆಗಿಯೇ ಕಾಣುತ್ತವೆ. ಬಣ್ಣ ಒಳಗೆ ಅವಿತಿರುತ್ತದೆ, ಇದ್ದರೆ. ಅವು ಬೆಳೆದು ಅವನ್ನು ಒಂದಕ್ಕೊಂದು ಕೂಡಿಸಿದ ಮೇಲೆಯೇ ಗೊತ್ತಾಗುವುದು. ಬೇರೆಯವರಾದರೆ ಬೇಸತ್ತು ಮಾರಿಬಿಡುತ್ತಿದ್ದರು. ಲೈಲ್ ಕಾದ, ಅವನ ಜೊತೆ ಆರ್ಡಿಸ್‌ಳೂ ಕಾದಳು. ಚಳಿಗಾಲದಲ್ಲಿ ಕರೆಂಟು ಹೋದಾಗ ಆ ಸಾದಾ ಮರಿಗಳನ್ನು ದಿಂಬಿನ ಚೀಲಗಳಿಗೆ ಹಾಕಿ ಇಬ್ಬರ ನಡುವೆ ಹಾಸಿಗೆಯಲ್ಲಿ ಮಲಗಿಸಿಕೊಂಡದ್ದೂ ಉಂಟು. ಕೊನೆಗೊಂದು ದಿನ ಡಬ್ಬಿ ಎಳೆದು ನೋಡಿದರೆ, ಕಂದು ಮರಿಗಳ ನಡುವೆ ಅಲ್ಲೊಂದು ಇಲ್ಲೊಂದು ಅದೇ ಬಣ್ಣ. ಲೈಲ್ ಸಿಮೆಂಟು ನೆಲದ ಮೇಲೆ ಕುಕ್ಕರಿಸಿ ಕೂತುಬಿಟ್ಟ. "ಬಂತು," ಎಂದ. ಆರ್ಡಿಸ್ ಎರಡು ಬಿಯರ್ ತಂದಳು. ಅವಳ ಜೀವನದಲ್ಲಿ ಅಷ್ಟು ಖುಷಿಯ ಸಂಜೆಗಳು ಹೆಚ್ಚಿರಲಿಲ್ಲ.

"ಏನು ಹೆಸರಿಡ್ತೀಯ?"

"ಇದೆ ಒಂದು. ಸಂತೇಲಿ ನೋಡುವೆಯಂತೆ."

ಮಿಲ್ವಾಕಿಯ ಸಂತೆಗೆ ಲಾವೋನ್‌ಳೂ ಜೊತೆಗೆ ಬಂದಿದ್ದಳು, ಅಂಗಡಿ ಸುತ್ತುವ ಆಸೆಗೆ. ಲೈಲ್ ಹಲಗೆಯನ್ನು ತಾನೇ ಬರೆದು ಬಟ್ಟೆ ಮುಚ್ಚಿಟ್ಟುಕೊಂಡಿದ್ದ. ಅವನ ಗೆರೆ ಎಂದೂ ಸೊಟ್ಟಗಾಗಿದ್ದಿಲ್ಲ. ಸುತ್ತ ಜನ ಸೇರಿದ ಮೇಲೆ ಬಟ್ಟೆ ಎಳೆದ. ಮುಸುರೆ, ಎಂದಿತ್ತು ಹಲಗೆಯ ಮೇಲೆ.

ಮೊದಲು ಯಾರೋ ಒಬ್ಬ ನಕ್ಕ. ಆಮೇಲೆ ನಾಲ್ಕಾರು ಜನ ನಕ್ಕರು. ಲಾವೋನ್ ಹಲಗೆಯನ್ನು ನೋಡಿದಳು, ಡಬ್ಬಿಯೊಳಗಿನ ಹಾವನ್ನು ನೋಡಿದಳು, ಅಕ್ಕನ ತಲೆಯನ್ನು ನೋಡಿದಳು. "ಅಯ್ಯೋ," ಎಂದಳು. "ಅಮ್ಮ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ಲು ಕಣೇ."

ಅವರಮ್ಮ ಭಾನುವಾರದ ಬೆಳಿಗ್ಗೆಗಳಲ್ಲಿ ಇಬ್ಬರನ್ನೂ ಸಾಲಾಗಿ ಕೂರಿಸಿ ತಲೆ ಬಾಚುತ್ತಿದ್ದಳು. ಲಾವೋನ್‌ಳದ್ದು ಗೋಧಿ ತೆನೆಯ ಕೂದಲು, ಬಾಚಣಿಗೆ ಅಲ್ಲಿ ಮೆಲ್ಲಗೆ ಓಡುತ್ತಿತ್ತು. ಆರ್ಡಿಸ್‌ಳ ಸರದಿ ಬಂದಾಗ ಅಮ್ಮ ನಿಟ್ಟುಸಿರು ಬಿಡುತ್ತಿದ್ದಳು. "ಅವಳಿಗೆ ಹೊನ್ನು, ನಿಂಗೆ ಮುಸುರೆ ನೀರು. ದೇವರು ಹಂಚೋವಾಗ ನೀನೆಲ್ಲಿ ಹೋಗಿದ್ದೆಯೋ." ನೆಂಟರು ಬಂದಾಗಲೂ ಅದೇ ಮಾತು: ಈ ಹೊನ್ನಿನವಳು ಚಿಕ್ಕವಳು, ಆ ಮುಸುರೆಯವಳು ದೊಡ್ಡವಳು. ಊರ ಸ್ಕೂಲಿನಲ್ಲೂ ಆ ಹೆಸರು ಬಹಳ ದಿನ ಅಂಟಿಕೊಂಡಿತ್ತು.

ಜನರ ನಡುವಿನಿಂದ ಲೈಲ್ ಹಿಗ್ಗಿನ ಮುಖ ಹೊತ್ತು ಬಂದ. "ಹೇಗಿದೆ ಆರ್ಡಿಸ್?"

"ನಿನ್ನ ಹಾವು, ನಿನ್ನ ಹೆಸರು," ಎಂದಳು ಅವಳು. ಕಾರಿನ ಕೀಲಿ ತೆಗೆದುಕೊಂಡು ಹೊರಗೆ ಹೋಗಿ, ಸಂತೆ ಮುಗಿಯುವವರೆಗೆ ಕಾರಿನಲ್ಲೇ ಕೂತಳು.

ಆ ವಾರವೇ ಅಂಗಡಿಯಿಂದ ಒಂದು ಡಬ್ಬಿ ಬಣ್ಣ ತಂದು ಕೂದಲನ್ನು ಹೊನ್ನು ಮಾಡಿಕೊಂಡಳು. ಊಟಕ್ಕೆ ಕೂತ ಲೈಲ್ ಅವಳನ್ನು ನೋಡಿದವನು ಎತ್ತಿದ ತುತ್ತನ್ನು ಮರೆತ. ಬಹಳ ಹೊತ್ತಿನ ಮೇಲೆ "ಚೆನ್ನಾಗಿದೆ" ಎಂದ. ಅಂದಿನಿಂದ ಅವಳು ಕೆಳಗಿಳಿಯಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಇಬ್ಬರಲ್ಲೊಬ್ಬರು ಒಂದು ಸಲ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಕಡೆಯ ಜನ ಕೇಳುವವರಲ್ಲ. ಎದೆಗೆ ಪೆಟ್ಟು ಬಿದ್ದರೆ ಹವಾಮಾನದ ಬಗ್ಗೆ ಮಾತಾಡುತ್ತಾರೆ. ಗಂಡ ಹೆಂಡತಿ ಅದನ್ನೇ ಮಾಡಿದರು, ಅಷ್ಟೂ ವರ್ಷ.

*

ಚರ್ಚಿನಲ್ಲಿ ಊರಿನವರು ಮುಂದೆ ಕೂತಿದ್ದರು, ಹಾವಿನವರು ಹಿಂದೆ. ಹಿಂದಿನ ಸಾಲಿನಲ್ಲಿ ಕುತ್ತಿಗೆಯವರೆಗೆ ಹಚ್ಚೆ ಹೊಯ್ಯಿಸಿಕೊಂಡ ಒಬ್ಬ ಹುಡುಗಿ ಗೊಳೋ ಎಂದು ಅಳುತ್ತಿದ್ದಳು. ಊರಿನ ಹೆಂಗಸರು ಹಚ್ಚೆಯನ್ನಾದರೂ ಕ್ಷಮಿಸಿಯಾರು, ಅಷ್ಟು ದೊಡ್ಡದಾಗಿ ಅಳುವುದನ್ನು ಕ್ಷಮಿಸುವ ಹಾಗೆ ಕಾಣಲಿಲ್ಲ.

"ಈ ಕೌಂಟಿಯಲ್ಲಿ ಮಂಜು ಕವಿದ ರಾತ್ರಿ ನಾವೆಲ್ಲ ಮನೆ ಸೇರಿದ್ದು ಲೈಲ್ ಬಳಿದ ಗೆರೆ ನೋಡಿಕೊಂಡು," ಎಂದರು ಪಾಸ್ಟರ್ ಸಿಗ್ನೆ. "ಮಾತು ಕಡಿಮೆ ಅವರದ್ದು. ನನಗೆ ಗೊತ್ತಿರೋ ಹಾಗೆ ಅವರು ಬಾಯ್ತುಂಬ ಮಾತಾಡ್ತಿದ್ದದ್ದು ಎರಡೇ ವಿಷಯ. ಒಂದು ಹಾವು, ಇನ್ನೊಂದು ಆರ್ಡಿಸ್."

ಜನ ಮೆಲ್ಲಗೆ ನಕ್ಕರು. ನನ್ನ ಬಗ್ಗೆ ಇವನು ಯಾರ ಹತ್ತಿರ ಬಾಯ್ತುಂಬ ಮಾತಾಡಿದ್ದ ಎಂದು ಆರ್ಡಿಸ್‌ಗೆ ಅನಿಸಿತು. ಪಾಸ್ಟರುಗಳು ಹೇಳುವ ಮಾತು ಎಂದು ಬಿಟ್ಟಳು. ಅವಳ ಮನಸ್ಸು ಮನೆಯ ಹಿಂಬಾಗಿಲಲ್ಲಿತ್ತು. ಇಷ್ಟು ಹೊತ್ತಿಗೆ ಅರ್ಧ ತುಂಬಿಸಿರಬಹುದು. ಸಂಜೆ ಮನೆಗೆ ಹೋದಾಗ ಕೆಳಗೆ ಬರೀ ಗೋಡೆ ಇರುತ್ತದೆ. ಪ್ರಾರ್ಥನೆ ಮುಗಿಸಿ ಹೋದರೆ ಗುಡ್ಡದ ಮೇಲಿನ ಸ್ಮಶಾನದಲ್ಲಿ ಗಾಳಿ ಬೀಸುತ್ತಿತ್ತು, ಪಾಸ್ಟರರ ಮಾತು ಅರ್ಧ ಕೇಳಿಸುತ್ತಿತ್ತು, ಅರ್ಧ ಗಾಳಿಯ ಪಾಲಾಗುತ್ತಿತ್ತು. ಪೆಟ್ಟಿಗೆ ಇಳಿಯುವಾಗ ಅವಳಿಗೆ ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂದು ಹೆದರಿಕೆಯಾಯಿತು.

ಊಟ ಚರ್ಚಿನ ನೆಲಮಾಳಿಗೆಯಲ್ಲಿ. ಬನ್ನಿನಲ್ಲಿ ಹಂದಿಮಾಂಸದ ತೆಳು ಹೋಳು, ಹಾಲು ಹಾಕಿ ಬೇಯಿಸಿದ ಆಲೂಗಡ್ಡೆ, ಬಣ್ಣದ ಜೆಲ್ಲಿ, ನೀರು ಕಾಫಿ. ಮದುವೆಗೂ ಅದೇ, ಸಾವಿಗೂ ಅದೇ.

"ತಿನ್ನು ಕಣೇ," ಎಂದು ಲಾವೋನ್ ತಟ್ಟೆ ತಂದಿಟ್ಟಳು. "ಆ ಹಾವಿನೋರು ಆಲೂಗಡ್ಡೆ ಎಲ್ಲ ಬಳ್ಕೊಂಡು ತಿಂತಿದ್ದಾರೆ. ಪಾಪ, ಅವರೂ ಮನುಷ್ಯರೇ ಬಿಡು. ಆ ಹಚ್ಚೆ ಹುಡುಗಿ ನನ್ನ ತಬ್ಕೊಂಡ್ಬಿಟ್ಲು. ಏನು ಮಾಡ್ಬೇಕು ಅಂತ ಗೊತ್ತಾಗದೆ ಬೆನ್ನು ತಟ್ಟಿದೆ."

ಡೆಲ್ಮರ್ ಕಾಫಿ ಲೋಟ ಹಿಡಿದು ಬಂದು ಎದುರಿಗೆ ಕೂತ. ಮಡಚುವ ಕುರ್ಚಿ ಕಿರುಗುಟ್ಟಿತು. ಬೆಳಿಗ್ಗೆಯಿಂದ ಯೋಚಿಸಿದ್ದ ಮಾತು ಈಗ ಬಾಯಿಗೆ ಬಂದಿತ್ತು.

"ಬೇಜಾರು ಮಾಡ್ಕೋಬೇಡಿ," ಎಂದ. "ನಿಮ್ಮ ಹೆಸರು, ನೀವು ಕೊಟ್ರಿ. ನಾನು ಕೇಳೋ ಹಾಗಿಲ್ಲ. ಆದ್ರೂ ಯಾಕೆ ಅಂತ..."

"ನನ್ನ ಹೆಸರಾ? ಅದು ಅವನಿಟ್ಟ ಹೆಸರು ಡೆಲ್ಮರ್. ಇಡೀ ಸಂತೆ ಮುಂದೆ ನನ್ನ ಆಡ್ಕೊಂಡು ಇಟ್ಟ ಹೆಸರು."

ಡೆಲ್ಮರ್ ಅವಳ ಮುಖವನ್ನೇ ನೋಡಿದ. ತಮಾಷೆ ಮಾಡುತ್ತಿದ್ದಾಳೆಯೇ ಎಂದು ನೋಡುವಂತಿತ್ತು.

"ಲೈಲ್ ಹಾಗೆ ಹೇಳ್ತಿರ್ಲಿಲ್ಲ," ಎಂದ. "ಬ್ರೆಂಟ್ ಬಂದು ಹೆಸರು ಬದಲಾಯ್ಸು ಅಂದಾಗೆಲ್ಲ ಅವನು ಹೇಳ್ತಿದ್ದದ್ದು ಒಂದೇ. 'ಅದು ನಂದಲ್ಲಪ್ಪ, ಆರ್ಡಿಸ್‌ಳದ್ದು. ಮೊದಲು ಹೆಸರು ಹೇಳಿದವಳು ಅವಳು. ನಾನು ಬದಲಾಯ್ಸೋ ಹಾಗಿಲ್ಲ.' ನೀವೇ ಹೇಳಿದ್ರಂತಲ್ಲ. ಮದುವೆಗೆ ಮುಂಚೆ, ಊಟದ ಕ್ಲಬ್ಬಲ್ಲಿ ಕೆಲಸಕ್ಕಿದ್ದಾಗ ಪಾತ್ರೆ ತೊಳೀತಿದ್ರಂತೆ. ಅವನು ಬಂದು ನಿಮ್ಮ ಕೂದಲಿಂದು ಯಾವ ಬಣ್ಣ ಅಂತ ಕೇಳಿದ್ನಂತೆ."

ಆರ್ಡಿಸ್ ಕೈಲಿದ್ದ ಬನ್ನನ್ನು ತಟ್ಟೆಯಲ್ಲಿಟ್ಟಳು.

"ಅಂಥ ಬಣ್ಣ ಅವನು ಎಲ್ಲೂ ನೋಡಿರ್ಲಿಲ್ವಂತೆ. ಅದಕ್ಕೊಂದು ಹೆಸರಿದೆ ಅಂತ ಗೊತ್ತಾಗಿ ಅವತ್ತು ರಾತ್ರಿ ಮನೇಗೆ ಹೋಗೋವರ್ಗೂ ಹೇಳ್ಕೊಂಡು ಹೋದ್ನಂತೆ, ಮರ್ತುಹೋಗಬಾರ್ದು ಅಂತ. ಅವರ ಮನೇಲಿ ಬರೀ ಗಂಡಸರು, ಅಮ್ಮ ಚಿಕ್ಕಂದಿನಲ್ಲೇ ಹೋಗಿದ್ಲು. ಹೆಂಗಸರ ಕೂದಲ ಬಗ್ಗೆ ಯಾರಿಗೇನು ಗೊತ್ತು ಅವರಲ್ಲಿ. ಆ ಮರಿ ಹುಟ್ಟಿದಾಗ ನಂಗೆ ಫೋನ್ ಮಾಡ್ದ. 'ಡೆಲ್ಮರ್, ಆರ್ಡಿಸ್‌ಳ ಬಣ್ಣದ್ದು ಹುಟ್ಟಿದೆ' ಅಂದ. ಅಳ್ತಿದ್ದ ಅನ್ನಿಸ್ತು. ಕೇಳ್ಲಿಲ್ಲ."

"ನಂಗೆ ಯಾಕೆ ಹೇಳ್ಲಿಲ್ಲ ಅವನು?"

"ನಿಮಗೆ ಗೊತ್ತು ಅಂದ್ಕೊಂಡಿದ್ದ. ನೀವೇ ಹೇಳಿದ್ದಲ್ವಾ." ಡೆಲ್ಮರ್ ಲೋಟವನ್ನು ಮೇಜಿನ ಮೇಲೆ ಆ ಕಡೆ ಈ ಕಡೆ ಸರಿಸಿದ. "ನಿಮಗೆ ಹಾವು ಬೇಜಾರಾಗಿದೆ ಅಂತಿದ್ದ. ವಯಸ್ಸಾಗ್ತಾ ಆಗತ್ತೆ ಬಿಡು ಅಂತಿದ್ದ. ನೀವು ತಲೆಗೆ ಬಣ್ಣ ಹಾಕ್ಕೊಂಡ ಮೇಲೆ ಬೇರೆ ಬಣ್ಣದ್ದೆಲ್ಲ ಕಡಿಮೆ ಮಾಡ್ತಾ ಬಂದ, ಇದನ್ನೇ ಜಾಸ್ತಿ ಮಾಡ್ದ. ಯಾಕೋ ಲೈಲ್, ಯಾರೂ ಕೊಂಡ್ಕೊಳ್ಳಲ್ವಲ್ಲೋ ಅಂದೆ. 'ಮೇಲೆ ಇಲ್ಲದ್ದು ಕೆಳಗಾದ್ರೂ ಇರಲಿ' ಅಂದ. ಆಗ ನಂಗೆ ಅರ್ಥ ಆಗಿರ್ಲಿಲ್ಲ ಆರ್ಡಿಸ್. ನಿಜವಾಗ್ಲೂ ಆಗಿರ್ಲಿಲ್ಲ."

*

ಕ್ಲಬ್ಬಿನ ಅಡಿಗೆಮನೆ. ಶುಕ್ರವಾರದ ಮೀನೂಟ. ಹೊರಗೆ ಜನವೋ ಜನ, ಒಳಗೆ ಬೆಟ್ಟದಷ್ಟು ತಟ್ಟೆ. ಆರ್ಡಿಸ್ ಮೊಣಕೈವರೆಗೆ ನೀರಲ್ಲಿದ್ದಳು. ಹಿಂಬಾಗಿಲಲ್ಲಿ ಒಬ್ಬ ತೆಳ್ಳನೆಯ ಹುಡುಗ ಬಂದು ನಿಂತ. ಬೂಟಿನ ಮೇಲೆಲ್ಲ ಹಳದಿ ಬಣ್ಣ, ಕೈಯಲ್ಲಿ ಖಾಲಿ ತಟ್ಟೆ. ತಟ್ಟೆ ತಂದುಕೊಡುವುದು ಗಿರಾಕಿಗಳ ಕೆಲಸವಲ್ಲ. ಇವನು ತಂದಿದ್ದ.

"ನಾನು ಬಣ್ಣದ ಕೆಲಸದೋನು," ಎಂದ. "ರಸ್ತೇದು. ನಮ್ಮ ಹತ್ರ ಹಳದಿ, ಬಿಳಿ, ಎರಡೇ." ಆಮೇಲೆ ತಟ್ಟೆಯನ್ನು ಕೈಯಿಂದ ಕೈಗೆ ಬದಲಾಯಿಸಿ ಕೇಳಿದ: "ನಿಮ್ಮ ಕೂದಲಿಂದು ಏನು ಬಣ್ಣ ಅಂತಾರೆ?"

ಆಡಿಕೊಳ್ಳಲು ಬಂದಿದ್ದಾನೆ ಎಂದುಕೊಂಡಳು ಅವಳು. ಅವನು ಹೇಳುವ ಮೊದಲು ತಾನೇ ಹೇಳಿಬಿಟ್ಟರೆ ನೋವು ಕಡಿಮೆ. ತಿರುಗಿ ನೋಡದೆ ಹೇಳಿದಳು.

"ಮುಸುರೆ ನೀರು."

ಅವನು ನಗಲಿಲ್ಲ. "ಮುಸುರೆ ನೀರು," ಎಂದ, ಹೊಸ ಮಾತು ಕಲಿಯುವವರ ಹಾಗೆ ನಿಧಾನವಾಗಿ. ತಟ್ಟೆ ಇಟ್ಟು ಹೋದ. ಮುಂದಿನ ಶುಕ್ರವಾರವೂ ಬಂದ. ಅವಳಿಗೆ ಇಷ್ಟು ವರ್ಷ ನೆನಪಿದ್ದದ್ದು ಆ ಎರಡನೆಯ ಶುಕ್ರವಾರ ಮಾತ್ರ. ಅವತ್ತು ಅವನು ಅಂಗಿ ಬದಲಾಯಿಸಿಕೊಂಡು ಬಂದಿದ್ದ. ಮೊದಲನೆಯದನ್ನು ಅವಳು ಯಾವತ್ತೋ ಮರೆತಿದ್ದಳು. ಜೀವಮಾನವಿಡೀ ಕೇಳಿಸಿಕೊಂಡು ಬಂದ ಬೈಗುಳವನ್ನು ಎಂದು ಯಾರಿಗೆ ಹೇಳಿದ್ದೆ ಎಂದು ಯಾರು ನೆನಪಿಟ್ಟುಕೊಳ್ಳುತ್ತಾರೆ.

*

"ಬ್ರೆಂಟ್‌ಗೆ ಫೋನ್ ಮಾಡು," ಎಂದಳು ಆರ್ಡಿಸ್. "ಡೆಲ್ಮರ್, ಈಗ್ಲೇ ಮಾಡು."

ಡೆಲ್ಮರ್ ನಂಬರು ಒತ್ತಿ ಫೋನನ್ನು ಅವಳ ಕೈಗೆ ಕೊಟ್ಟ. ಆ ಕಡೆಯಿಂದ ವ್ಯಾನು ಓಡುವ ಸದ್ದು ಕೇಳಿಸಿತು.

"ಎಲ್ಲಾ ಚೆನ್ನಾಗಿವೆ, ಮಿಸೆಸ್ ಹಾಕೆನ್ಸನ್," ಎಂದ ಬ್ರೆಂಟ್. "ಬೆಚ್ಚಗೆ ಮಲಗಿವೆ. ಕೀಲಿ ಕಾಲೊರೆಸಿನ ಕೆಳಗಿಟ್ಟಿದ್ದೀನಿ."

"ಹೆಸರು," ಎಂದಳು ಅವಳು. "ಹೆಸರು ಬದಲಾಯಿಸ್ಬೇಡಿ. ನಾನು ಬೆಳಿಗ್ಗೆ ತಪ್ಪು ಹೇಳ್ದೆ."

ಬ್ರೆಂಟ್ ವ್ಯಾನಿನ ವೇಗ ಇಳಿಸಿದ್ದು ಕೇಳಿಸಿತು. "ಅಯ್ಯೋ," ಎಂದ. "ವ್ಯಾನಿಗೆ ಹತ್ತಿಸೋ ಮುಂಚೆ ನಿಮ್ಮ ಅಂಗಳದಲ್ಲೇ ಒಂದನ್ನ ಬಿಸಿಲಿಗೆ ಹಿಡಿದು ಫೋಟೋ ತೆಗೆದೆ. ಏನು ಬಣ್ಣ ಅಂತೀರಿ. ಅಲ್ಲಿಂದ್ಲೇ ಎಲ್ಲರಿಗೂ ಕಳಿಸ್ದೆ, ಷಾಂಪೇನ್ ಅಂತ. ಜರ್ಮನಿಯೋರೂ ಕೇಳ್ತಿದ್ದಾರೆ ಆಗ್ಲೇ, ಜಪಾನಿನೋರೂ ಕೇಳ್ತಿದ್ದಾರೆ."

"ತಪ್ಪಾಯ್ತು ಅಂತ ಹೇಳಿ ಅವರಿಗೆ."

"ಹೇಳ್ಬೋದು. ನಿಮಗೋಸ್ಕರ ಹೇಳ್ತೀನಿ ಬೇಕಾದ್ರೆ. ಆದ್ರೆ ಯಾರೂ ಕೇಳಲ್ಲ. ಹೆಸರು ಒಂದ್ಸಲ ಜನರ ಬಾಯಿಗೆ ಬಿದ್ರೆ ನನ್ನ ಕೈಲೂ ಇಲ್ಲ, ನಿಮ್ಮ ಕೈಲೂ ಇಲ್ಲ." ಅವನ ದನಿ ನಿಜಕ್ಕೂ ನೊಂದಿತ್ತು. "ಒಂದು ಮಾಡ್ತೀನಿ. ಕೆಳಗೆ ಲೈಲ್ ಹಾಕೆನ್ಸನ್ ವಂಶದ್ದು ಅಂತ ಹಾಕಿಸ್ತೀನಿ, ಪ್ರತಿಯೊಂದಕ್ಕೂ. ಅವನ ಹೆಸರು ಉಳಿಯತ್ತೆ."

"ಅವನ ಹೆಸರಲ್ಲ," ಎಂದಳು ಆರ್ಡಿಸ್. ಆ ಕಡೆ ಬ್ರೆಂಟ್ ಕಾದ. ವ್ಯಾನು ಓಡುತ್ತಲೇ ಇತ್ತು. ಅವಳು ಫೋನನ್ನು ಡೆಲ್ಮರ್‌ಗೆ ಹಿಂತಿರುಗಿಸಿದಳು.

"ವಾಪಸ್ ಕರೆಸ್ಲಾ?" ಎಂದು ಕೇಳಿದ ಡೆಲ್ಮರ್. "ಒಂದೆರಡಾದ್ರೂ?"

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಬೆರಳ ಗಿಣ್ಣುಗಳೆಲ್ಲ ಊದಿಕೊಂಡಿದ್ದವು. ಒಂದು ಡಬ್ಬಿ ಎಳೆದು ತೆರೆಯುವ ಶಕ್ತಿ ಅವುಗಳಲ್ಲಿ ಇರಲಿಲ್ಲ. ಡೆಲ್ಮರ್ ವಾರದ ಅರ್ಧ ರಸ್ತೆಯ ಮೇಲಿರುವವನು. ಕರೆಸಿದರೂ ಬರುವುದು ಹಾವು, ಹೆಸರಲ್ಲ. ಬೇಡವೆಂದು ತಲೆಯಾಡಿಸಿದಳು. ಹೊನ್ನಿನ ಬಣ್ಣ ಬಳಿದ ಕೂದಲು ಹಣೆಯ ಮೇಲೆ ಬಿತ್ತು. ಅದನ್ನು ತೊಳೆದು ತೆಗೆದರೆ ಕೆಳಗೆ ಈಗ ಬರೀ ಬಿಳಿ. ಅವನು ಪಾತ್ರೆಗಳ ನಡುವೆ ಕಂಡ ಬಣ್ಣ ಅವಳ ತಲೆಯ ಮೇಲೆ ಉಳಿದಿರಲಿಲ್ಲ. ಭೂಮಿಯ ಮೇಲೆ ಅದು ಇದ್ದದ್ದು ಆ ವ್ಯಾನಿನಲ್ಲಿ ಮಾತ್ರ, ಬೇರೆ ಹೆಸರಿನಲ್ಲಿ, ದಕ್ಷಿಣದ ಕಡೆಗೆ ಹೋಗುತ್ತ.

ಆಗ ಅಳು ಬಂತು. ಹಚ್ಚೆಯ ಹುಡುಗಿ ಅತ್ತ ಹಾಗೆಯೇ, ದೊಡ್ಡದಾಗಿ. ಮೇಜುಗಳ ಸುತ್ತ ಮಾತು ನಿಂತಿತು. ಊರಿನವರು ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಡೆಲ್ಮರ್ ಎದ್ದು ಬಂದು ಏನು ಮಾಡಬೇಕೆಂದು ತಿಳಿಯದೆ ಅವಳ ಕುರ್ಚಿಯ ಬೆನ್ನನ್ನು ಹಿಡಿದು ನಿಂತ.

ಜನ ಒಬ್ಬೊಬ್ಬರಾಗಿ ಕೈ ಕುಲುಕಿ ಹೋದರು. ಚರ್ಚಿನ ಅಡಿಗೆಮನೆಯಲ್ಲಿ ಹೆಂಗಸರು ಪಾತ್ರೆಗೆ ಇಳಿದಿದ್ದರು. ಸಾವಿನ ಮನೆಯವರು ಆ ಸಿಂಕಿನ ಹತ್ತಿರ ಸುಳಿಯಬಾರದು. ಅದು ಅಲ್ಲಿ ಬೈಬಲ್ಲಿನಷ್ಟೇ ಗಟ್ಟಿಯಾದ ನಿಯಮ. ಆರ್ಡಿಸ್ ಒಳಗೆ ಬಂದು ಕಪ್ಪು ತೋಳುಗಳನ್ನು ಮೇಲಕ್ಕೆ ಮಡಚಿದಳು.

"ಇದೇನು ಆರ್ಡಿಸ್," ಎಂದರು ಒಬ್ಬರು. "ನೀವು ಕೂತ್ಕೊಳ್ಳಿ. ನಾವಿಲ್ವಾ."

ಅವಳು ಅವರನ್ನು ಸರಿಸಿ ಸಿಂಕಿನ ಮುಂದೆ ನಿಂತಳು. ಅವಳ ಮುಖ ನೋಡಿ ಅವರು ಒರೆಸುವ ಬಟ್ಟೆಗಳನ್ನು ಲಾವೋನ್‌ಳ ಕೈಗೆ ಕೊಟ್ಟು ಮೆಲ್ಲಗೆ ಹೊರಗೆ ಹೋದರು. ಅವಳು ತಟ್ಟೆ ತೊಳೆದಳು, ಆಲೂಗಡ್ಡೆಯ ತಳ ಹಿಡಿದ ಪಾತ್ರೆ ತೊಳೆದಳು, ಕಾಫಿಯ ಲೋಟ ತೊಳೆದಳು. ಲಾವೋನ್ ಒರೆಸಿ ಒರೆಸಿ ಇಟ್ಟಳು. ಎಷ್ಟೋ ಹೊತ್ತಿಗೆ ಪಾತ್ರೆ ಮುಗಿಯಿತು.

ನೊರೆ ಎಲ್ಲ ಸತ್ತು ಮುಸುರೆ ನೀರು ನಿಂತಿತ್ತು. ನೆಲಮಟ್ಟದ ಚಿಕ್ಕ ಕಿಟಕಿಯಿಂದ ಇಳಿ ಬಿಸಿಲು ನೇರವಾಗಿ ಸಿಂಕಿನೊಳಕ್ಕೆ ಬೀಳುತ್ತಿತ್ತು. ಅವಳು ಕೈ ಸ್ವಲ್ಪ ಅಲ್ಲಾಡಿಸಿದಳು. ಬೆಳಕು ಸರಿದಂತೆ ನೀರು ಒಮ್ಮೆ ಹೊನ್ನಾಯಿತು, ಒಮ್ಮೆ ಬೂದಿಯಾಯಿತು.

"ತಣ್ಣಗಾಗಿದೆ ಕಣೇ," ಎಂದಳು ಲಾವೋನ್. "ಬಿಟ್ಬಿಡು ಆ ನೀರನ್ನ."

ಆರ್ಡಿಸ್ ಅಲ್ಲಾಡಲಿಲ್ಲ. ಲಾವೋನ್ ನಿಟ್ಟುಸಿರು ಬಿಟ್ಟು, ತಾನೇ ಬಿರಡೆ ಎಳೆಯಲು ನೀರಿಗೆ ಕೈ ಹಾಕಿದಳು. ಆರ್ಡಿಸ್ ಆ ಕೈ ಬಿರಡೆ ಮುಟ್ಟದ ಹಾಗೆ ಅದನ್ನು ನೀರೊಳಗೇ ಗಟ್ಟಿಯಾಗಿ ಹಿಡಿದುಕೊಂಡು ನಿಂತಳು.